ಪರದೆಯ ಮೇಲೆ ಕಾಣುವ ಫೈಲು ಟೆಸ್ಟಿನಲ್ಲಿ ಏಕೆ ಮಾಯವಾಗುತ್ತದೆ?

ಓದುಗರ ಪ್ರಶ್ನೆ: ನಮ್ಮದು ಐದಾರು ಜನರ ತಂಡ. ಊರೂರುಗಳಲ್ಲಿ ಹಿರಿಯರು ಹೇಳಿದ ಕಥೆಗಳನ್ನು ಧ್ವನಿಮುದ್ರಿಸಿ, ಕನ್ನಡದಲ್ಲಿ ಟೈಪ್ ಮಾಡಿಸಿ, ಸಾದಾ ಪಠ್ಯದ ಫೈಲುಗಳಾಗಿ ಇಟ್ಟುಕೊಂಡಿದ್ದೇವೆ. ಅವುಗಳ ಮೇಲಿನ ಕೆಲಸವೆಲ್ಲ ಐಪೈಥಾನ್ ಕನ್ಸೋಲಿನಲ್ಲಿ, ಅಂದರೆ ಪೈಥಾನ್ ಭಾಷೆಯ ಆದೇಶಗಳನ್ನು ಒಂದೊಂದಾಗಿ ಟೈಪ್ ಮಾಡಿ ಓಡಿಸುವ ಕಿಟಕಿಯಲ್ಲಿ. ಒಂದು ಫೈಲಿನಲ್ಲಿ ಏನಿದೆ ಎಂದು ನೋಡಲು ಪ್ರತಿ ಸಲ ಎಡಿಟರ್ ತೆರೆಯುವುದು ಬೇಸರವಾಗಿ ‘ತೋರಿಸು’ ಎಂಬ ಮ್ಯಾಜಿಕ್ ಕಮಾಂಡ್ (ಐಪೈಥಾನಿನ ವಿಶೇಷ ಆದೇಶ) ಬರೆದೆ. ಫೈಲಿನ ಹೆಸರು ಕೊಟ್ಟರೆ ಸಾಲಿನ ಸಂಖ್ಯೆಯೊಂದಿಗೆ ಪಠ್ಯ ಬರುತ್ತದೆ. ಉದ್ದವಿದ್ದರೆ, ಪುಟ ಪುಟವಾಗಿ ತೋರಿಸುವ ಪೇಜರ್‌ನಲ್ಲಿ ತೆರೆದುಕೊಳ್ಳುತ್ತದೆ. ನನ್ನ ಉಬುಂಟು ಲ್ಯಾಪ್‌ಟಾಪಿನಲ್ಲಿ ಕೈಯಾರೆ ಓಡಿಸಿದರೆ ಯಾವ ತೊಂದರೆಯೂ ಇಲ್ಲ. ಪೈಟೆಸ್ಟ್ ಎಂಬ ಪರೀಕ್ಷಾ ಸಲಕರಣೆಯಲ್ಲಿ ಟೆಸ್ಟ್ ಬರೆಯಲು ಕುಳಿತಾಗ ತಲೆ ಕೆಟ್ಟಿತು. ಎರಡು ಸಾಲಿನ ಇಂಗ್ಲಿಷ್ ಫೈಲಿನ ಟೆಸ್ಟ್ ಪಾಸ್. ನಲವತ್ತು ಸಾಲಿನ ಫೈಲಿಗೆ, ಔಟ್‌ಪುಟ್ ಹಿಡಿದುಕೊಡುವ ಪೈಟೆಸ್ಟಿನ ಕ್ಯಾಪ್‌ಸಿಸ್ ಖಾಲಿ ಸ್ಟ್ರಿಂಗ್ ಕೊಡುತ್ತದೆ. ಆದರೆ ಫೇಲ್ ಆದ ವರದಿಯ ಕೆಳಗೆ ಅದೇ ನಲವತ್ತು ಸಾಲೂ ಅಚ್ಚಾಗಿರುತ್ತವೆ! ಅದೇ ಟೆಸ್ಟ್ ನಮ್ಮ ಸರ್ವರ್‌ನಲ್ಲಿ ಪಾಸ್. ಇಲ್ಲದ ಫೈಲಿನ ಹೆಸರು ಕೊಟ್ಟರೆ ಎಕ್ಸೆಪ್ಷನ್ (ಓಟವನ್ನು ನಿಲ್ಲಿಸುವ ದೋಷದ ಸೂಚನೆ) ಬರಬೇಕು ಎಂದು ಬರೆದ ಟೆಸ್ಟ್ ‘ಬರಲೇ ಇಲ್ಲ’ ಎನ್ನುತ್ತದೆ, ಪರದೆಯಲ್ಲಿ ಮಾತ್ರ ಕೆಂಪಕ್ಷರದಲ್ಲಿ ದೋಷದ ಜಾಡು ತೋರಿಸುವ ಟ್ರೇಸ್‌ಬ್ಯಾಕ್ ಕಾಣುತ್ತದೆ. ಸಹೋದ್ಯೋಗಿಯ ವಿಂಡೋಸ್ ಯಂತ್ರದಲ್ಲಿ ಚಿಕ್ಕ ಟೆಸ್ಟುಗಳು ಪಾಸ್, ಆದರೆ ನಿಜವಾದ ಕಥೆಯ ಫೈಲು ಕೊಟ್ಟರೆ ಡಿಕೋಡ್ ದೋಷ. ‘ಆಲ, ಅರಳಿ, ಹೊಂಗೆ, ಬಾಳೆ, ಅಡಿಕೆ’ ಎಂಬ ಪುಟ್ಟ ಪಟ್ಟಿಯ ಫೈಲು ಕೊಟ್ಟರೆ ದೋಷವಿಲ್ಲ, ಬದಲಿಗೆ ಚಿತ್ರವಿಚಿತ್ರ ಅಕ್ಷರ. ತಂಡದ ಹಿರಿಯರು ‘ಕನ್ಸೋಲಿನ ಕಮಾಂಡಿಗೆಲ್ಲ ಟೆಸ್ಟ್ ಬರೆಯಲಾಗದು, ಕಣ್ಣಿಂದ ನೋಡಿ ಬಿಟ್ಟುಬಿಡಿ’ ಎನ್ನುತ್ತಾರೆ. ಇನ್ನೊಬ್ಬರು ‘ಪರದೆಗೆ ಬಂದದ್ದನ್ನು ಹಾಗೇ ಉಳಿಸಿಕೊಂಡು ಮುಂದಿನ ಸಲ ಹೋಲಿಸಿ’ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ದೂರುಗಳಿವೆ. ಲ್ಯಾಪ್‌ಟಾಪಿನಲ್ಲಿ ಖಾಲಿ, ಸರ್ವರ್‌ನಲ್ಲಿ ಪಾಸ್, ಬಾರದ ಎಕ್ಸೆಪ್ಷನ್ ಎಂಬ ಮೊದಲ ಮೂರರ ಬೇರು ಒಂದೇ: ಕಮಾಂಡಿನಿಂದ ಹೊರಟದ್ದು ಯಾವ ದಾರಿಯಲ್ಲಿ ಹೋಯಿತು ಎಂಬುದನ್ನು ಟೆಸ್ಟ್ ತಪ್ಪಾಗಿ ಊಹಿಸಿದೆ. ವಿಂಡೋಸಿನ ದೂರು ಬೇರೆಯದೇ ಜಾತಿ. ಅದು ಟೆಸ್ಟಿನ ತಕರಾರಲ್ಲ, ಕಮಾಂಡಿನೊಳಗಿನ ನಿಜವಾದ ದೋಷ. ನಿಮ್ಮ ಟೆಸ್ಟುಗಳು ಅದನ್ನು ಹಿಡಿಯಲಿಲ್ಲ ಎಂಬುದೇ ನನಗೆ ಹೆಚ್ಚು ಚಿಂತೆಯ ವಿಷಯ.

ಮೊದಲು ಹಿರಿಯರ ಮಾತು. ಕನ್ಸೋಲಿನ ಕಮಾಂಡಿಗೆ ಟೆಸ್ಟ್ ಬರೆಯಲಾಗದು ಎಂಬುದು ನಿಜವಲ್ಲ. ರೂಬಿ ಭಾಷೆಯವರು ಬಳಸುವ ಪ್ರೈ ಕನ್ಸೋಲಿನಲ್ಲಿ ಕ್ಯಾಟ್ ಎಂಬ ಕಮಾಂಡ್ ಇದೆ. ಫೈಲನ್ನು ತೋರಿಸುವುದು ಅದರ ಮುಖ್ಯ ಕೆಲಸ. ಜೊತೆಗೆ ‘ಎಕ್ಸ್’ ಎಂಬ ಆಯ್ಕೆ ಕೊಟ್ಟರೆ, ಕೊನೆಯ ಎಕ್ಸೆಪ್ಷನ್ ಯಾವ ಸಾಲಿನಲ್ಲಿ ಹುಟ್ಟಿತೋ ಅದರ ಆಚೀಚಿನ ಐದೈದು ಸಾಲುಗಳನ್ನು ತೆರೆದಿಡುತ್ತದೆ. ಇದನ್ನು ಪರೀಕ್ಷಿಸುವುದು ನಿಮ್ಮ ‘ತೋರಿಸು’ವಿಗಿಂತ ಕಷ್ಟ, ಏಕೆಂದರೆ ಬೇಕಾದ ಸಾಲಿನಲ್ಲಿ ಬೇಕಾದ ಹಾಗೆ ಎಕ್ಸೆಪ್ಷನ್ ಬೀಳಬೇಕು. ಅದನ್ನು ಬರೆದವರು ನಿಜವಾದ ಎಕ್ಸೆಪ್ಷನ್ನಿಗೆ ಕಾಯುವುದೇ ಇಲ್ಲ. ಒಂದು ತಾತ್ಕಾಲಿಕ ಫೈಲು ಸೃಷ್ಟಿಸಿ, ಅದರ ಇಂಥ ಸಾಲನ್ನು ಬೊಟ್ಟು ಮಾಡುವ ಹುಸಿ ಎಕ್ಸೆಪ್ಷನ್ ಒಂದನ್ನು ಕೈಯಿಂದಲೇ ಕಟ್ಟಿ ಕಮಾಂಡಿನ ಮುಂದಿಡುತ್ತಾರೆ. ಟೆಸ್ಟುಗಳು ಶುರುವಾಗುವ ಮೊದಲೇ ಬಣ್ಣವನ್ನೂ ಪೇಜರನ್ನೂ ಆರಿಸಿರುತ್ತಾರೆ. ಈ ಎರಡು ಸ್ವಿಚ್ ಆರಿಸುವ ಬುದ್ಧಿಯಲ್ಲೇ ನಿಮ್ಮ ಅರ್ಧ ಉತ್ತರವಿದೆ.

ಹಾಗೆಂದು ಹಿರಿಯರ ಮಾತು ಪೂರ್ತಿ ಹುರುಳಿಲ್ಲದ್ದೂ ಅಲ್ಲ. ಒತ್ತಕ್ಷರ ಸರಿಯಾಗಿ ಕೆಳಗೆ ಕೂತಿದೆಯೇ, ಟರ್ಮಿನಲ್ಲಿನ ಫಾಂಟು ‘ರ್ಯ’ವನ್ನು ಒಡೆಯಿತೇ, ಸಾಲಿನ ಸಂಖ್ಯೆಗಳ ಕಂಬ ನೇರವಾಗಿದೆಯೇ ಎಂಬುದನ್ನು ಕಣ್ಣೇ ನೋಡಬೇಕು. ಅದು ನಿಮ್ಮ ಕಮಾಂಡಿನ ಕೆಲಸವಲ್ಲ, ಟರ್ಮಿನಲ್ಲಿನ ಕೆಲಸ. ಅದಕ್ಕೆ ಟೆಸ್ಟ್ ಬರೆಯಲು ಹೋಗಬೇಡಿ.

ನಲವತ್ತು ಸಾಲು ಹೋದದ್ದೆಲ್ಲಿಗೆ

ಕನ್ಸೋಲಿನಲ್ಲಿ ಕುಳಿತವರಿಗೆ ಪರದೆ ಒಂದೇ. ಅಲ್ಲಿ ಕಂಡದ್ದೆಲ್ಲ ಒಂದೇ ಕಡೆಯಿಂದ ಬಂದಂತೆ ಅನಿಸುತ್ತದೆ. ವಾಸ್ತವದಲ್ಲಿ ಮನೆಗೆ ನಾಲ್ಕು ಬಾಗಿಲಿವೆ. ಮುಂಬಾಗಿಲಲ್ಲಿ ಕಾದು ಕುಳಿತರೆ ಹಿತ್ತಿಲಿಂದ ಹೋದವರು ಸಿಗುವುದಿಲ್ಲ. ಫಂಕ್ಷನ್ ಹಿಂದಿರುಗಿಸಿದ ಮೌಲ್ಯವನ್ನು ಕನ್ಸೋಲೇ ‘ಔಟ್’ ಎಂದು ಸಂಖ್ಯೆ ಹಾಕಿ ತೋರಿಸುವುದು ಒಂದು. ಪ್ರಿಂಟ್ ಮೂಲಕ ಪೈಥಾನಿನ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಹೋಗುವುದು ಎರಡನೆಯದು. ಬೇರೊಂದು ಪ್ರೋಗ್ರಾಂ ಹುಟ್ಟಿ ಅದು ನೇರವಾಗಿ ಆಪರೇಟಿಂಗ್ ಸಿಸ್ಟಮ್ಮಿನ ಔಟ್‌ಪುಟ್ ಕೊಳವೆಗೆ, ಅಂದರೆ 1ನೇ ಫೈಲ್ ಡಿಸ್ಕ್ರಿಪ್ಟರ್‌ಗೆ ಬರೆಯುವುದು ಮೂರನೆಯದು. ನೋಟ್‌ಬುಕ್ ಕಿಟಕಿಯಲ್ಲಾದರೆ ಪೇಜರ್‌ಗೆ ಹೋಗಬೇಕಾದದ್ದು ಸಂದೇಶದ ರೂಪದಲ್ಲಿ ಬ್ರೌಸರ್‌ಗೆ ಹೋಗುವುದು ನಾಲ್ಕನೆಯದು.

ನೀವು ಕಾದದ್ದು ಎರಡನೆಯದರಲ್ಲಿ. ಪೈಟೆಸ್ಟಿನ ಕ್ಯಾಪ್‌ಸಿಸ್ ಮಾಡುವುದಿಷ್ಟೇ: ಪೈಥಾನಿನ ಸ್ಟ್ಯಾಂಡರ್ಡ್ ಔಟ್‌ಪುಟ್ ವಸ್ತುವನ್ನು ತೆಗೆದು ತನ್ನದೊಂದನ್ನು ಅಲ್ಲಿ ಕೂರಿಸುತ್ತದೆ. ನಿಮ್ಮ ನಲವತ್ತು ಸಾಲು ಹೋದದ್ದು ಮೂರನೆಯದರಲ್ಲಿ. ಐಪೈಥಾನಿನ ಪೇಜ್ ಫಂಕ್ಷನ್ ಮೊದಲು ಪಠ್ಯ ಪರದೆಯಲ್ಲಿ ಹಿಡಿಸುತ್ತದೆಯೇ ಎಂದು ಲೆಕ್ಕ ಹಾಕುತ್ತದೆ. ಹಿಡಿಸಿದರೆ ಸುಮ್ಮನೆ ಪ್ರಿಂಟ್ ಮಾಡುತ್ತದೆ. ನಿಮ್ಮ ಎರಡು ಸಾಲಿನ ಫೈಲು ಪಾಸ್ ಆದದ್ದು ಹೀಗೆ. ಹಿಡಿಸದಿದ್ದರೆ ಲೆಸ್ ಎಂಬ ಪೇಜರ್ ಪ್ರೋಗ್ರಾಮನ್ನು ಹುಟ್ಟಿಸಿ ಪಠ್ಯವನ್ನು ಅದರ ಕೈಗೆ ಕೊಡುತ್ತದೆ. ಟೆಸ್ಟಿನ ಒಳಗೆ ಲೆಸ್‌ಗೆ ಟರ್ಮಿನಲ್ ಸಿಗುವುದಿಲ್ಲ, ಹಾಗಾಗಿ ಅದು ಪುಟ ನಿಲ್ಲಿಸದೆ ಎಲ್ಲವನ್ನೂ 1ನೇ ಡಿಸ್ಕ್ರಿಪ್ಟರ್‌ಗೆ ಸುರಿದು ಹೋಗುತ್ತದೆ. ಕ್ಯಾಪ್‌ಸಿಸ್ ಅಲ್ಲಿ ಇಲ್ಲ. ಆದರೆ ಪೈಟೆಸ್ಟ್ ತನ್ನ ವರದಿಗಾಗಿ ಮೊದಲಿಂದಲೂ ಡಿಸ್ಕ್ರಿಪ್ಟರ್ ಮಟ್ಟದಲ್ಲಿಯೇ ಎಲ್ಲವನ್ನೂ ಹಿಡಿದಿಟ್ಟುಕೊಳ್ಳುತ್ತಿರುತ್ತದೆ. ವರದಿಯ ಕೆಳಗೆ ನಲವತ್ತು ಸಾಲೂ ಕಂಡು ನಿಮ್ಮನ್ನು ಅಣಕಿಸಿದ್ದು ಅದಕ್ಕೇ. ಕ್ಯಾಪ್‌ಸಿಸ್ ಬದಲು, ಡಿಸ್ಕ್ರಿಪ್ಟರ್ ಮಟ್ಟದಲ್ಲೇ ಹಿಡಿಯುವ ಕ್ಯಾಪ್‌ಎಫ್‌ಡಿ ಬರೆದು ನೋಡಿ, ಸಾಲುಗಳು ಸಿಗುತ್ತವೆ. ಅದನ್ನೇ ಶಾಶ್ವತ ಪರಿಹಾರ ಮಾಡಿಕೊಳ್ಳಬೇಡಿ ಎಂದು ಏಕೆ ಹೇಳುತ್ತೇನೆಂಬುದು ಮುಂದೆ ಬರುತ್ತದೆ.

ಸರ್ವರ್‌ನಲ್ಲಿ ಪಾಸ್ ಆದದ್ದೇಕೆ? ಪೇಜ್ ಫಂಕ್ಷನ್ ಲೆಕ್ಕ ಹಾಕುವ ಮೊದಲೇ ‘ಟರ್ಮ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ಲನ್ನು ನೋಡುತ್ತದೆ. ಅದು ಇಲ್ಲದೆ ಹೋದರೆ, ಅಥವಾ ಅದರ ಬೆಲೆ ‘ಡಂಬ್’ ಎಂದಿದ್ದರೆ, ವಿಂಡೋಸ್ ಅಲ್ಲದ ಯಂತ್ರಗಳಲ್ಲಿ ಎಷ್ಟೇ ಉದ್ದವಿರಲಿ ನೇರ ಪ್ರಿಂಟ್. ತಾನಾಗಿ ಟೆಸ್ಟ್ ಓಡಿಸುವ ಸರ್ವರ್‌ಗಳಲ್ಲಿ ಎದುರಿಗೆ ಟರ್ಮಿನಲ್ ಇರುವುದಿಲ್ಲವಾದ್ದರಿಂದ ಈ ಸ್ಥಿತಿ ಸಾಮಾನ್ಯ. ಖಚಿತಪಡಿಸಿಕೊಳ್ಳಲು ನಿಮ್ಮ ಲ್ಯಾಪ್‌ಟಾಪಿನಲ್ಲೇ ಆ ವೇರಿಯಬಲ್ಲಿಗೆ ‘ಡಂಬ್’ ಎಂದು ಕೊಟ್ಟು ಟೆಸ್ಟ್ ಓಡಿಸಿ. ಪಾಸ್ ಆದರೆ ರೋಗ ಪತ್ತೆಯಾಯಿತು ಎಂದರ್ಥ.

ಪರದೆಯಲ್ಲಿ ಹಿಡಿಸುತ್ತದೆಯೇ ಎಂಬ ಆ ಲೆಕ್ಕವನ್ನು ಕನ್ನಡದವರು ಸ್ವಲ್ಪ ಹತ್ತಿರದಿಂದ ನೋಡಬೇಕು. ಫೈಲಿನ ಸಾಲುಗಳ ಸಂಖ್ಯೆ ಒಂದು. ಒಟ್ಟು ಉದ್ದವನ್ನು 80ರಿಂದ ಭಾಗಿಸಿ ಒಂದು ಕೂಡಿದರೆ ಬರುವುದು ಇನ್ನೊಂದು. ಎರಡರಲ್ಲಿ ದೊಡ್ಡದನ್ನು ಪರದೆಯ ಎತ್ತರಕ್ಕೆ ಹೋಲಿಸುತ್ತಾರೆ. ಎತ್ತರ ತಿಳಿಯದಿದ್ದರೆ 25 ಸಾಲು ಎಂದು ಹಿಡಿಯುತ್ತಾರೆ. ಇಲ್ಲಿ ಉದ್ದವೆಂದರೆ ಪೈಥಾನಿನ ಲೆನ್ ಹೇಳುವ ಉದ್ದ, ಅಂದರೆ ಯೂನಿಕೋಡ್ ಸಂಕೇತಗಳ ಎಣಿಕೆ. ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದಕ್ಷರ. ಪೈಥಾನಿಗೆ ಅದು ಸ, ವಿರಾಮಚಿಹ್ನೆ (ವ್ಯಂಜನದ ಸ್ವರ ತೆಗೆಯುವ ಹಲಂತದ ಗುರುತು), ತ, ಮತ್ತೊಂದು ವಿರಾಮಚಿಹ್ನೆ, ರ, ಈ-ಕಾರ ಎಂದು ಆರು. ಯೂನಿಕೋಡನ್ನು ಬೈಟುಗಳಾಗಿ ಉಳಿಸುವ ಯುಟಿಎಫ್-8 ಫೈಲಿನಲ್ಲಿ ಹದಿನೆಂಟು ಬೈಟು. ಹಾಗಾಗಿ ಪರದೆಯ ಮೇಲೆ ಒಂದೇ ಅಳತೆ ಕಾಣುವ ಇಂಗ್ಲಿಷ್ ಫೈಲು ಪ್ರಿಂಟ್ ಆದರೆ, ಕನ್ನಡದ ಫೈಲು ಪೇಜರ್‌ಗೆ ಹೋಗಬಹುದು. ಒಂದು ಪ್ಯಾರಾಕ್ಕೆ ಒಂದೇ ಸಾಲು ಎಂದು ಟೈಪ್ ಮಾಡಿಸಿರುವ ನಿಮ್ಮ ಕಥೆಗಳಾದರೆ ಹತ್ತು ಸಾಲಿದ್ದರೂ ಹೋಗಬಹುದು. ಬಣ್ಣ ಹಚ್ಚಿದ್ದರೆ ಬಣ್ಣದ ಸಂಕೇತಗಳೂ ಈ ಉದ್ದದಲ್ಲಿ ಸೇರುತ್ತವೆ. ಇದು ಯಾರ ತಪ್ಪೂ ಅಲ್ಲ, ಒರಟು ಅಂದಾಜು ಅಷ್ಟೇ. ಆದರೆ ಈ ಅಂದಾಜಿನ ಮೇಲೆ ಪಾಸ್-ಫೇಲ್ ನಿಂತಿರುವ ಟೆಸ್ಟ್ ಇಂದು ನಡೆದು ನಾಳೆ ಕೈಕೊಡುತ್ತದೆ. ಕ್ಯಾಪ್‌ಎಫ್‌ಡಿ ಹಾಕಿದರೂ ಸಹ, ಲೆಸ್ ಇಲ್ಲದ ಯಂತ್ರದಲ್ಲಿ ಬೇರೆ ದಾರಿ, ನೋಟ್‌ಬುಕ್ಕಿನಲ್ಲಿ ಮತ್ತೊಂದು ದಾರಿ.

ಬಾರದ ಎಕ್ಸೆಪ್ಷನ್

ನೀವು ಕಳುಹಿಸಿದ ಟೆಸ್ಟಿನಲ್ಲಿ ಕಮಾಂಡನ್ನು ರನ್ ಸೆಲ್ ಮೂಲಕ ಓಡಿಸಿದ್ದೀರಿ. ಮನುಷ್ಯರು ಟೈಪ್ ಮಾಡಿದಾಗ ಕನ್ಸೋಲ್ ಒಳಗೊಳಗೇ ಕರೆಯುವುದು ಅದನ್ನೇ, ಹಾಗಾಗಿ ಆಯ್ಕೆ ಸಹಜವೇ. ಆದರೆ ಕನ್ಸೋಲಿಗೆ ಒಂದು ಧರ್ಮವಿದೆ: ಬಳಕೆದಾರ ಏನೇ ಎಡವಟ್ಟು ಟೈಪ್ ಮಾಡಲಿ, ತಾನು ಸಾಯಬಾರದು. ಆದ್ದರಿಂದ ರನ್ ಸೆಲ್ ಎಲ್ಲ ಎಕ್ಸೆಪ್ಷನ್ನುಗಳನ್ನೂ ತಾನೇ ನುಂಗಿ, ಟ್ರೇಸ್‌ಬ್ಯಾಕ್ ಬಣ್ಣದಲ್ಲಿ ಬರೆದು, ಮುಂದಿನ ಪ್ರಾಂಪ್ಟಿಗೆ ಸಿದ್ಧವಾಗುತ್ತದೆ. ನಿಮ್ಮ ಟೆಸ್ಟಿನವರೆಗೆ ಅದು ಬರುವುದೇ ಇಲ್ಲ. ಅದರ ಬದಲು ರನ್ ಸೆಲ್ ಹಿಂದಿರುಗಿಸುವ ಫಲಿತಾಂಶದ ವಸ್ತುವನ್ನು ನೋಡಬೇಕು. ಅದರಲ್ಲಿ ಸಕ್ಸೆಸ್ ಎಂಬ ಗುಣವಿದೆ, ಓಡುವಾಗ ಬಂದ ದೋಷವನ್ನು ಹಿಡಿದಿಟ್ಟ ಇನ್ನೊಂದು ಗುಣವಿದೆ. ಇಲ್ಲವೇ ರನ್ ಲೈನ್ ಮ್ಯಾಜಿಕ್ ಬಳಸಿ; ಅದು ಮ್ಯಾಜಿಕ್ಕನ್ನು ನೇರವಾಗಿ ಕರೆಯುತ್ತದೆ, ಎಕ್ಸೆಪ್ಷನ್ ಟೆಸ್ಟಿಗೆ ಮುಟ್ಟುತ್ತದೆ.

ಅದಕ್ಕೂ ಮೊದಲು ಒಂದು ತೀರ್ಮಾನ ಮಾಡಿಕೊಳ್ಳಿ. ಫೈಲು ಇಲ್ಲದಿದ್ದರೆ ಕಮಾಂಡ್ ಎಕ್ಸೆಪ್ಷನ್ ಎಸೆಯಬೇಕೇ, ಅಥವಾ ಒಂದು ಸಾಲಿನ ಸಂದೇಶ ಕೊಟ್ಟು ಸುಮ್ಮನಾಗಬೇಕೇ? ಐಪೈಥಾನಿನದೇ ಆದ ಪೈಕ್ಯಾಟ್ ಕಮಾಂಡ್ ಎರಡನೆಯದನ್ನು ಮಾಡುತ್ತದೆ: ಅಂಥ ಫೈಲು, ವೇರಿಯಬಲ್, ಯುಆರ್‌ಎಲ್ ಯಾವುದೂ ಇಲ್ಲ ಎಂದು ಪ್ರಿಂಟ್ ಮಾಡಿ ಹಿಂದಿರುಗುತ್ತದೆ. ಪ್ರೈಯ ಕ್ಯಾಟ್ ದೋಷ ಎಸೆಯುತ್ತದೆ. ನನಗೆ ಹಿಡಿಸುವುದು ಮೂರನೆಯ ದಾರಿ: ಐಪೈಥಾನಿನ ಯೂಸೇಜ್ ಎರರ್ ಎಂಬ ಎಕ್ಸೆಪ್ಷನ್ ಎಸೆಯುವುದು. ಕನ್ಸೋಲ್ ಅದನ್ನು ಗುರುತಿಸಿ, ಮೂವತ್ತು ಸಾಲಿನ ಟ್ರೇಸ್‌ಬ್ಯಾಕ್ ಬದಲು ಒಂದೇ ಸಾಲಿನ ಸಂದೇಶ ತೋರಿಸುತ್ತದೆ. ಬಳಕೆದಾರನ ಕಣ್ಣಿಗೂ ಹಿತ, ಟೆಸ್ಟಿಗೂ ಹಿಡಿಯಲು ಗಟ್ಟಿ ವಸ್ತು ಸಿಗುತ್ತದೆ.

ವಿಂಡೋಸಿನಲ್ಲಿ ಒಂದು ಫೈಲು ಸಾಯುವುದು, ಇನ್ನೊಂದು ಕೆಡುವುದು

ಈಗ ನಿಜವಾದ ದೋಷಕ್ಕೆ ಬರೋಣ. ನಿಮ್ಮ ಕಮಾಂಡ್ ಫೈಲನ್ನು ಓಪನ್ ಮಾಡುವಾಗ, ಯಾವ ಬೈಟು ಯಾವ ಅಕ್ಷರ ಎಂದು ತಿಳಿಸುವ ಎನ್‌ಕೋಡಿಂಗ್ ಹೇಳಿಲ್ಲ. ಹೇಳದಿದ್ದರೆ ಪೈಥಾನ್ ಯಂತ್ರದ ಸ್ಥಳೀಯ ಎನ್‌ಕೋಡಿಂಗ್ ಹಿಡಿಯುತ್ತದೆ. ಉಬುಂಟುವಿನಲ್ಲಿ ಅದು ಯುಟಿಎಫ್-8. ನಮ್ಮ ಕಚೇರಿಗಳ ಇಂಗ್ಲಿಷ್ ವಿಂಡೋಸಿನಲ್ಲಿ ಸಾಮಾನ್ಯವಾಗಿ ಸಿಪಿ-1252 ಎಂಬ ಪಶ್ಚಿಮ ಯುರೋಪಿನ ಕೋಷ್ಟಕ. ಪೈಥಾನ್ 3.15ರಿಂದ ಎಲ್ಲ ಕಡೆ ಯುಟಿಎಫ್-8 ತಾನಾಗಿಯೇ ಬರುವ ಏರ್ಪಾಡಾಗಿದೆ, ಆದರೆ ಹಳೆಯ ಆವೃತ್ತಿಗಳು ನಿಮ್ಮವರ ಯಂತ್ರಗಳಲ್ಲಿ ಇನ್ನೂ ಬಹಳ ಕಾಲ ಇರುತ್ತವೆ.

ಕನ್ನಡದ ಪ್ರತಿಯೊಂದು ಯೂನಿಕೋಡ್ ಸಂಕೇತ ಯುಟಿಎಫ್-8ರಲ್ಲಿ ಮೂರು ಬೈಟು. ಮೊದಲ ಎರಡು ಬೈಟುಗಳು ಎರಡೇ ಬಗೆ, ವ್ಯತ್ಯಾಸವೆಲ್ಲ ಮೂರನೆಯದರಲ್ಲಿ. ಸಿಪಿ-1252 ಇವನ್ನು ಬಿಡಿಬಿಡಿಯಾಗಿ ಓದಿ ಒಂದೊಂದಕ್ಕೂ ಒಂದು ಲ್ಯಾಟಿನ್ ಅಕ್ಷರವನ್ನೋ ಚಿಹ್ನೆಯನ್ನೋ ಕೊಡುತ್ತದೆ. ಆದರೆ ಆ ಕೋಷ್ಟಕದಲ್ಲಿ ಐದು ಮನೆಗಳು ಖಾಲಿ. ಹದಿನಾರರ ಎಣಿಕೆಯಲ್ಲಿ ಅವು 81, 8ಡಿ, 8ಎಫ್, 90 ಮತ್ತು 9ಡಿ. ಈ ಬೈಟುಗಳು ಎದುರಾದರೆ ಪೈಥಾನ್ ‘ಓದಲಾರೆ’ ಎಂದು ದೋಷ ಎಸೆಯುತ್ತದೆ. ಕನ್ನಡದಲ್ಲಿ ಯಾವ ಅಕ್ಷರಗಳು ಆ ಬೈಟುಗಳಲ್ಲಿ ಮುಗಿಯುತ್ತವೆ ಗೊತ್ತೇ? ಉ-ಕಾರದ ಕೊಂಬು, ವ್ಯಂಜನದ ಸ್ವರವನ್ನು ತೆಗೆಯುವ ವಿರಾಮಚಿಹ್ನೆ, ಆಮೇಲೆ ಏ, ಐ ಮತ್ತು ಝ. ವಿರಾಮಚಿಹ್ನೆಯಿಲ್ಲದೆ ಒತ್ತಕ್ಷರವಿಲ್ಲ, ಕೊಂಬಿಲ್ಲದೆ ಕನ್ನಡದ ಕ್ರಿಯಾಪದವೇ ಇಲ್ಲವೆನ್ನಬಹುದು. ಹಾಗಾಗಿ ಕಥೆಯ ಫೈಲು ಮೊದಲ ವಾಕ್ಯ ಮುಗಿಯುವುದರೊಳಗೆ ಬೀಳುತ್ತದೆ. ನಿಮ್ಮ ಪಟ್ಟಿಯ ಆಲ, ಅರಳಿ, ಹೊಂಗೆ, ಬಾಳೆ, ಅಡಿಕೆ ಈ ಐದರಲ್ಲಿ ಆ ಅಕ್ಷರಗಳು ಒಂದೂ ಇಲ್ಲ! ಆದ್ದರಿಂದ ದೋಷವಿಲ್ಲದೆ ಕಸವಾಗಿ ಕಂಡವು. ಪಟ್ಟಿಯಲ್ಲಿ ಒಂದು ಮಾವು ಸೇರಿದ್ದರೆ ಅದೂ ಬೀಳುತ್ತಿತ್ತು.

ಎರಡರಲ್ಲಿ ಹೆಚ್ಚು ಅಪಾಯಕಾರಿ ಯಾವುದೆಂದರೆ, ದೋಷ ಎಸೆಯದೆ ಕೆಟ್ಟದ್ದನ್ನು ತೋರಿಸಿದ ಪಟ್ಟಿ. ಔಟ್‌ಪುಟ್ ಖಾಲಿಯಲ್ಲ, ಎಕ್ಸೆಪ್ಷನ್ ಇಲ್ಲ, ಐದು ಸಾಲಿಗೆ ಐದು ಸಾಲು ಬಂದಿದೆ. ‘ಏನೋ ಒಂದು ಬಂತು’ ಎಂದು ಮಾತ್ರ ನೋಡುವ ಟೆಸ್ಟ್ ಅದಕ್ಕೆ ಪಾಸ್ ಕೊಡುತ್ತದೆ. ಇಂಗ್ಲಿಷ್ ಪಠ್ಯವಂತೂ ಎರಡೂ ಕೋಷ್ಟಕಗಳಲ್ಲಿ ಒಂದೇ ಬೈಟುಗಳಾದ್ದರಿಂದ, ಇಂಗ್ಲಿಷ್ ಫೈಲಿನ ಟೆಸ್ಟ್ ಎನ್‌ಕೋಡಿಂಗಿನ ವಿಷಯದಲ್ಲಿ ಹುಟ್ಟುಕುರುಡು.

ಇದಕ್ಕೆ ನಾನು ಬಳಸುವ ಒಂದು ವಾಕ್ಯವನ್ನು ಧಾರಾಳವಾಗಿ ತೆಗೆದುಕೊಳ್ಳಿ: ‘ಏಳು ಸ್ತ್ರೀಯರು ಐದು ಝರಿ ದಾಟಿದರು.’ ಅರ್ಥದಲ್ಲಿ ದೊಡ್ಡದೇನಿಲ್ಲ, ಆದರೆ ಆ ಐದೂ ಅಕ್ಷರಗಳು ಒಂದೇ ಸಾಲಿನಲ್ಲಿವೆ. ಇದರ ಜೊತೆಗೆ ‘ಆಲ, ಅರಳಿ’ ಪಟ್ಟಿಯನ್ನೂ ಇಟ್ಟುಕೊಳ್ಳಿ. ಮೊದಲನೆಯದು ದೋಷವನ್ನು ಹೊರಗೆಳೆಯುತ್ತದೆ, ಎರಡನೆಯದು ಸದ್ದಿಲ್ಲದ ಕೇಡನ್ನು. ಟೆಸ್ಟಿನ ಫೈಲನ್ನು ಸೃಷ್ಟಿಸುವಾಗ ಪಠ್ಯವಾಗಿ ಬರೆಯಬೇಡಿ; ಯುಟಿಎಫ್-8 ಬೈಟುಗಳಾಗಿ ಮಾಡಿಕೊಂಡು ರೈಟ್ ಬೈಟ್ಸ್ ಮೂಲಕ ಬರೆಯಿರಿ. ಪಠ್ಯವಾಗಿ ಬರೆದರೆ ಟೆಸ್ಟ್ ಕೂಡ ಅದೇ ಸ್ಥಳೀಯ ಎನ್‌ಕೋಡಿಂಗಿಗೆ ಬಲಿಯಾಗುತ್ತದೆ, ಸಾಲಿನ ಕೊನೆಯ ಚಿಹ್ನೆಗಳೂ ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತವೆ. ಹೋಲಿಕೆ ಕೂಡ ಪೂರ್ತಿ ಸಾಲಿನದಾಗಿರಲಿ.

ಕಮಾಂಡಿನ ತಿದ್ದುಪಡಿ ಚಿಕ್ಕದು: ಓಪನ್ ಮಾಡುವಲ್ಲಿ ಎನ್‌ಕೋಡಿಂಗ್ ಹೇಳಿ. ನಾನು ಯುಟಿಎಫ್-8-ಸಿಗ್ ಎಂಬ ರೂಪವನ್ನು ಕೊಡುತ್ತೇನೆ. ಹಳೆಯ ನೋಟ್‌ಪ್ಯಾಡ್ ಯುಟಿಎಫ್-8 ಎಂದು ಉಳಿಸುವಾಗ ಫೈಲಿನ ತಲೆಯಲ್ಲಿ ಮೂರು ಬೈಟಿನ ಒಂದು ಗುರುತು ಕೂರಿಸುತ್ತಿತ್ತು. ಈ ರೂಪ ಅದು ಇದ್ದರೆ ತೆಗೆಯುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. ಪೈಥಾನ್ 3.10ರಿಂದ ಈಚೆಗೆ, ಎನ್‌ಕೋಡಿಂಗ್ ಹೇಳದೆ ತೆರೆದ ಕಡೆಯಲ್ಲೆಲ್ಲ ಎಚ್ಚರಿಕೆ ಕೊಡುವ ಒಂದು ಆಯ್ಕೆಯೂ ಇದೆ. ಟೆಸ್ಟ್ ಓಡಿಸುವಾಗ ಅದನ್ನು ಹಚ್ಚಿಟ್ಟರೆ ಇಂಥ ಇನ್ನೆಷ್ಟು ಸಾಲುಗಳು ನಿಮ್ಮ ಕೋಡಿನಲ್ಲಿ ಅಡಗಿವೆ ಎಂಬುದು ಹೊರಬೀಳುತ್ತದೆ.

ಓದುವುದು ಸರಿಯಾದ ಮೇಲೂ ವಿಂಡೋಸಿನಲ್ಲಿ ಒಂದು ಹೊಂಡ ಉಳಿದಿದೆ. ಪೈಥಾನ್ 3.6ರಿಂದ ವಿಂಡೋಸ್ ಕನ್ಸೋಲಿಗೆ ಬರೆಯುವುದು ಯುಟಿಎಫ್-8ರಲ್ಲೇ. ಆದರೆ ಅದೇ ಔಟ್‌ಪುಟ್ಟನ್ನು ಪೈಪಿಗೋ ಫೈಲಿಗೋ ತಿರುಗಿಸಿದ ಕ್ಷಣ ಮತ್ತೆ ಸಿಪಿ-1252 ಹಿಡಿಯುತ್ತದೆ, ಈ ಬಾರಿ ಎನ್‌ಕೋಡ್ ದೋಷ. ಪರದೆಗೆ ಬರೆದಾಗ ಸರಿ, ಪೈಪಿಗೆ ಬರೆದಾಗ ದೋಷ ಎಂಬ ಒಗಟಿಗೆ ಇದೂ ಒಂದು ಉತ್ತರ. ಟೆಸ್ಟ್ ಓಡಿಸುವ ಕಡೆ ಪೈಥಾನಿನ ಯುಟಿಎಫ್-8 ಮೋಡ್ ಹಚ್ಚಿ ಪಾರಾಗಬಹುದು, ಆದರೆ ಎಚ್ಚರ: ಅದನ್ನು ಎಲ್ಲ ಟೆಸ್ಟುಗಳಿಗೂ ಹಚ್ಚಿದರೆ ಮೇಲೆ ಹೇಳಿದ ಓದುವ ದೋಷವೂ ಮುಚ್ಚಿಹೋಗುತ್ತದೆ, ಬಳಕೆದಾರನ ಯಂತ್ರದಲ್ಲಿ ಮಾತ್ರ ಉಳಿಯುತ್ತದೆ.

ಹಾಗಾದರೆ ಟೆಸ್ಟ್ ಬರೆಯುವುದು ಹೇಗೆ

ಇಂಥ ಕೋಡ್ ಪರಿಶೀಲನೆಗೆ ಬಂದಾಗ ನಾನು ಮೊದಲು ನೋಡುವುದು, ಕಮಾಂಡಿನೊಳಗೆ ಎಷ್ಟು ಕೆಲಸಗಳು ಒಂದಕ್ಕೊಂದು ಅಂಟಿಕೊಂಡಿವೆ ಎಂದು. ನಿಮ್ಮ ‘ತೋರಿಸು’ವಿನಲ್ಲಿ ಮೂರಿವೆ: ಟೈಪ್ ಮಾಡಿದ ಸಾಲಿನಿಂದ ಫೈಲಿನ ದಾರಿ ತೆಗೆಯುವುದು, ಬೈಟುಗಳನ್ನು ಸಂಖ್ಯೆ ಹಾಕಿದ ಪಠ್ಯವಾಗಿಸುವುದು, ಆ ಪಠ್ಯವನ್ನು ಪೇಜರ್‌ಗೆ ಒಪ್ಪಿಸುವುದು. ಮೊದಲ ಎರಡನ್ನು ಕನ್ಸೋಲಿನ ಗಂಧಗಾಳಿ ಇಲ್ಲದ ಸಾದಾ ಫಂಕ್ಷನ್ನುಗಳಾಗಿ ಹೊರಗೆ ತೆಗೆಯಿರಿ. ಒಂದಕ್ಕೆ ಸ್ಟ್ರಿಂಗ್ ಕೊಟ್ಟರೆ ದಾರಿ ಬರಬೇಕು, ಇನ್ನೊಂದಕ್ಕೆ ದಾರಿ ಕೊಟ್ಟರೆ ಪಠ್ಯ ಬರಬೇಕು. ಮ್ಯಾಜಿಕ್ಕಿನೊಳಗೆ ಉಳಿಯುವುದು ಎರಡು-ಮೂರು ಸಾಲಿನ ಅಂಟು. ನಿಮ್ಮ ಹತ್ತರಲ್ಲಿ ಎಂಟು ಟೆಸ್ಟುಗಳು ಈ ಸಾದಾ ಫಂಕ್ಷನ್ನುಗಳ ಮೇಲೆಯೇ ಇರಲಿ. ಅಲ್ಲಿ ಏನನ್ನೂ ಹಿಡಿಯುವ ಅಗತ್ಯವಿಲ್ಲ. ಹಿಂದಿರುಗಿದ ಮೌಲ್ಯವನ್ನು ಹೋಲಿಸಿದರೆ ಮುಗಿಯಿತು. ಇದರ ಅಪಾಯವೆಂದರೆ ಅಂಟೇ ಬಿಟ್ಟುಹೋದರೆ, ಅಂದರೆ ಮ್ಯಾಜಿಕ್ ನೋಂದಣಿಯಾಗದೆಯೋ ತಪ್ಪು ಫಂಕ್ಷನ್ ಕರೆದೋ ಇದ್ದರೆ, ಈ ಟೆಸ್ಟುಗಳಿಗೆ ಅದು ಗೊತ್ತೇ ಆಗುವುದಿಲ್ಲ.

ಆ ಅಂಟಿಗಾಗಿ ಎರಡು-ಮೂರು ಟೆಸ್ಟುಗಳನ್ನು ನಿಜವಾದ ಐಪೈಥಾನ್ ಶೆಲ್ಲಿನೊಳಗೆ ಓಡಿಸಿ. ಪೇಜರ್ ಇರುವ ಜಾಗದಲ್ಲಿ, ಕೊಟ್ಟ ಪಠ್ಯವನ್ನು ಒಂದು ಲಿಸ್ಟಿಗೆ ಸೇರಿಸುವ ನಿಮ್ಮದೇ ಪುಟ್ಟ ಫಂಕ್ಷನ್ನನ್ನು ಮಂಕಿಪ್ಯಾಚ್ (ಟೆಸ್ಟಿನ ಮಟ್ಟಿಗೆ ಬದಲಿ ಕೂರಿಸುವ ಸಲಕರಣೆ) ಮೂಲಕ ಕೂರಿಸಿ, ರನ್ ಲೈನ್ ಮ್ಯಾಜಿಕ್ ಕರೆದು, ಲಿಸ್ಟಿನಲ್ಲಿ ಏನು ಬಿತ್ತು ನೋಡಿ. ಪೇಜರ್‌ಗೆ ಏನು ಒಪ್ಪಿಸಲಾಯಿತು ಎಂಬುದು ಗೊತ್ತಾದರೆ ಸಾಕು. ಪೇಜರ್ ಅದನ್ನು ಹೇಗೆ ತೋರಿಸಿತು ಎಂಬುದು ಪೇಜರ್ ಬರೆದವರ ತಲೆನೋವು. ಇಲ್ಲಿ ಬಹಳ ಜನ ಎಡವುವ ಒಂದು ಕಲ್ಲಿದೆ. ನಿಮ್ಮ ಕೋಡಿನ ಮೊದಲಲ್ಲಿ ಪೇಜ್ ಮಾಡ್ಯೂಲನ್ನು ತರಿಸಿಕೊಂಡು ‘ಪೇಜ್ ಚುಕ್ಕಿ ಪೇಜ್’ ಎಂದು ಕರೆಯುತ್ತಿದ್ದರೆ ಮಾಡ್ಯೂಲಿನಲ್ಲಿ ಬದಲಿಸಿದ್ದು ನಿಮಗೂ ಕಾಣುತ್ತದೆ. ಫಂಕ್ಷನ್ನನ್ನೇ ನೇರವಾಗಿ ತರಿಸಿಕೊಂಡಿದ್ದರೆ ನಿಮ್ಮ ಬಳಿ ಹಳೆಯದರ ಕೈಹಿಡಿ ಉಳಿದಿರುತ್ತದೆ, ಮಂಕಿಪ್ಯಾಚ್ ಗಾಳಿಯಲ್ಲಿ ಗುದ್ದಿದಂತಾಗುತ್ತದೆ. ಆಗ ನಿಮ್ಮ ಮಾಡ್ಯೂಲಿನೊಳಗಿನ ಹೆಸರನ್ನೇ ಬದಲಿಸಬೇಕು.

ಶೆಲ್ಲಿನೊಳಗಿನ ಟೆಸ್ಟಿನ ಅಪಾಯ ಬೇರೆ ಬಗೆಯದು. ಐಪೈಥಾನ್ ಶೆಲ್ ಒಂದು ಪ್ರಕ್ರಿಯೆಗೆ ಒಂದೇ. ಒಂದು ಟೆಸ್ಟ್ ಡೈರೆಕ್ಟರಿ ಬದಲಿಸಿದರೆ, ವೇರಿಯಬಲ್ ಇಟ್ಟರೆ, ಮುಂದಿನದಕ್ಕೂ ಅದು ಉಳಿಯುತ್ತದೆ. ನಿಮ್ಮ ಸ್ವಂತ ಹಿಸ್ಟರಿ ಡೇಟಾಬೇಸಿಗೂ ಟೆಸ್ಟಿನ ಸಾಲುಗಳು ಸೇರಬಹುದು. ಐಪೈಥಾನ್ ಡೈರೆಕ್ಟರಿಯನ್ನು ಎನ್ವಿರಾನ್‌ಮೆಂಟ್ ವೇರಿಯಬಲ್ ಮೂಲಕ ತಾತ್ಕಾಲಿಕ ಜಾಗಕ್ಕೆ ತಿರುಗಿಸಿಡಿ. ಹಾಗೆ ಮಾಡಿದರೆ ನಿಮ್ಮ ಪ್ರೊಫೈಲಿನ ಸ್ಟಾರ್ಟಪ್ ಫೈಲುಗಳೂ ದೂರ ಉಳಿಯುತ್ತವೆ. ‘ನನ್ನ ಯಂತ್ರದಲ್ಲಿ ಮಾತ್ರ ನಡೆಯುತ್ತದೆ’ ಎಂಬ ದೂರಿನ ಹಿಂದೆ ಹಲವು ಸಲ ಅವೇ ಇರುತ್ತವೆ.

ಐಪೈಥಾನನ್ನೇ ಪ್ರತ್ಯೇಕ ಪ್ರಕ್ರಿಯೆಯಾಗಿ ಹುಟ್ಟಿಸಿ, ‘ಸಿ’ ಆಯ್ಕೆಯಲ್ಲಿ ಕಮಾಂಡ್ ಕೊಟ್ಟು, ಹೊರಬಂದ ಬೈಟುಗಳನ್ನು ನೋಡುವ ಟೆಸ್ಟ್ ಒಂದೇ ಒಂದು ಇರಲಿ. ನಿಧಾನ, ಆದರೆ ಪ್ಯಾಕೇಜು ಸರಿಯಾಗಿ ಸ್ಥಾಪನೆಯಾಗಿದೆಯೇ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಹುಸಿ ಟರ್ಮಿನಲ್ ಕಟ್ಟಿ, ಮನುಷ್ಯರ ಬದಲು ಟೈಪ್ ಮಾಡುವ ಪೆಕ್ಸ್‌ಪೆಕ್ಟ್‌ನಿಂದ ಕೀಲಿ ಒತ್ತಿಸಿ, ಲೆಸ್ ಪುಟ ತಿರುವುವುದನ್ನು ಪರೀಕ್ಷಿಸುವ ದಾರಿಯೂ ಇದೆ. ನಿಮ್ಮ ಗಾತ್ರದ ತಂಡಕ್ಕೆ ಅದು ಬೇಡ. ಪ್ರಾಂಪ್ಟಿನ ಬಣ್ಣ ಬದಲಾದರೂ ಟೆಸ್ಟ್ ಮುರಿಯುತ್ತದೆ, ಜೊತೆಗೆ ಅದರ ಮುಖ್ಯ ಭಾಗ ವಿಂಡೋಸಿನಲ್ಲಿ ನಡೆಯುವುದಿಲ್ಲ. ಪೇಜರ್ ಬರೆಯುವವರಿಗೆ ಬಿಡಿ.

ಪರದೆಗೆ ಬಂದದ್ದನ್ನು ಉಳಿಸಿಟ್ಟು ಹೋಲಿಸಿ ಎಂದವರ ಸಲಹೆಯನ್ನು ನಾನು ಅರ್ಧ ಒಪ್ಪುತ್ತೇನೆ. ಸಾದಾ ಫಂಕ್ಷನ್ ಹಿಂದಿರುಗಿಸಿದ ಪಠ್ಯವನ್ನು, ಬಣ್ಣವಿಲ್ಲದೆ, ಒಂದು ಮಾದರಿ ಫೈಲಾಗಿ ಉಳಿಸಿ ಹೋಲಿಸುವುದು ಒಳ್ಳೆಯದೇ. ಸಾಲಿನ ಸಂಖ್ಯೆಗಳ ಜೋಡಣೆಯಂಥದ್ದನ್ನು ಅದು ಚೆನ್ನಾಗಿ ಕಾಯುತ್ತದೆ. ಟರ್ಮಿನಲ್ಲಿನಿಂದ ಹಿಡಿದದ್ದನ್ನು ಉಳಿಸಿದರೆ ಮಾತ್ರ ಬಣ್ಣದ ಸಂಕೇತ, ಪರದೆಯ ಅಗಲ, ತಾತ್ಕಾಲಿಕ ಡೈರೆಕ್ಟರಿಯ ಹೆಸರು ಎಲ್ಲವೂ ಅದರೊಳಗೆ ಸೇರಿ, ಎರಡು ವಾರದಲ್ಲಿ ಜನ ಫೇಲ್ ಕಂಡ ಕೂಡಲೇ ಓದದೆಯೇ ‘ಮಾದರಿ ನವೀಕರಿಸು’ ಒತ್ತತೊಡಗುತ್ತಾರೆ. ಹೀಗೆ ಉಳಿಸುವಾಗ ಕನ್ನಡಕ್ಕೆ ಒಂದು ಸಣ್ಣ ಎಚ್ಚರಿಕೆ: ‘ಕೀ’ಯ ಈ-ಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಇ-ಕಾರ ಮತ್ತು ದೀರ್ಘಚಿಹ್ನೆ ಎಂಬ ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಹೋಲಿಕೆಗೆ ಬೇರೆ. ಫೈಲು ತೋರಿಸುವ ಕಮಾಂಡ್ ಇದನ್ನು ತಿದ್ದಬಾರದು. ಇದ್ದದ್ದನ್ನು ಇದ್ದಂತೆ ತೋರಿಸುವುದೇ ಅದರ ಕೆಲಸ. ಟೆಸ್ಟೂ ಅದನ್ನೇ ಕೇಳಲಿ.

ಫೈಲಿನ ಹೆಸರಿನ ಟೆಸ್ಟುಗಳನ್ನು ನೀವು ಬರೆದೇ ಇಲ್ಲ, ಅದೂ ಬೇಕು. ಮ್ಯಾಜಿಕ್ಕಿಗೆ ಬರುವುದು ಟೈಪ್ ಮಾಡಿದ ಸಾಲು ಹಾಗೇ, ಉದ್ಧರಣ ಚಿಹ್ನೆಗಳೂ ಸೇರಿ. ಹೆಸರಿನ ನಡುವೆ ಖಾಲಿ ಜಾಗವಿರುವ ಫೈಲು ಒಂದಾದರೂ ಇರಲಿ. ಡಾಲರ್ ಚಿಹ್ನೆ ಅಥವಾ ಪುಷ್ಪಾವರಣ ಇರುವ ಹೆಸರುಗಳನ್ನು ಐಪೈಥಾನ್ ವೇರಿಯಬಲ್ ಎಂದುಕೊಂಡು ಮೊದಲೇ ಬಿಡಿಸಲು ನೋಡುತ್ತದೆ. ಹಾಗಾಗುವುದು ಬೇಡವೆಂದರೆ 7.3ನೇ ಆವೃತ್ತಿಯಿಂದ ಅದಕ್ಕೊಂದು ಡೆಕೊರೇಟರ್ ಇದೆ. ಸಾಲನ್ನು ಬಿಡಿಸಲು ಶ್ಲೆಕ್ಸ್ ಎಂಬ ಪೈಥಾನ್ ಮಾಡ್ಯೂಲ್ ಬಳಸಿದ್ದೀರಿ. ಅದು ತನ್ನ ಸಹಜ ರೀತಿಯಲ್ಲಿ ವಿಂಡೋಸ್ ದಾರಿಗಳ ಹಿಂಗೆರೆಗಳನ್ನು (ಬ್ಯಾಕ್‌ಸ್ಲ್ಯಾಶ್) ತಿಂದುಹಾಕುತ್ತದೆ. ನಿಮ್ಮ ಸಹೋದ್ಯೋಗಿಯಿಂದ ಮುಂದಿನ ದೂರು ಬರುವುದು ಬಹುಶಃ ಅಲ್ಲಿಂದಲೇ. ಖಾಲಿ ಫೈಲು, ಕೊನೆಯ ಸಾಲಿಗೆ ಎಂಟರ್ ಒತ್ತದ ಫೈಲು, ಫೈಲಿನ ಬದಲು ಡೈರೆಕ್ಟರಿ: ಇವು ಒಂದೊಂದು ಸಾಲಿನ ಟೆಸ್ಟುಗಳು.

ಕೊನೆಗೆ ನೀವು ಕೇಳದ ಒಂದು ವಿಷಯ. ಹಳೆಯ ಕಥೆಗಳನ್ನು ಯಾರೋ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಟೈಪ್ ಮಾಡಿಕೊಟ್ಟಿದ್ದರೆ, ಅಂಥ ಫೈಲುಗಳೂ ನಿಮ್ಮ ಕಮಾಂಡಿನಲ್ಲಿ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಅವನ್ನು ವಿಂಡೋಸಿನ ಎನ್‌ಕೋಡಿಂಗ್ ದೋಷವೆಂದುಕೊಂಡು ಕಮಾಂಡನ್ನು ತಿದ್ದಲು ಹೋಗಬೇಡಿ. ಅಲ್ಲಿ ಫೈಲಿನಲ್ಲಿರುವುದೇ ಲ್ಯಾಟಿನ್ ಅಕ್ಷರ, ಕನ್ನಡದ ಆಕಾರ ಇದ್ದದ್ದು ಫಾಂಟಿನಲ್ಲಿ ಮಾತ್ರ. ಗುರುತಿಸುವುದು ಸುಲಭ: ಎನ್‌ಕೋಡಿಂಗ್ ತಪ್ಪಿದ ಕನ್ನಡದಲ್ಲಿ ಪ್ರತಿ ಮೂರನೆಯ ಅಕ್ಷರಕ್ಕೆ ತಲೆಯ ಮೇಲೆ ಗೀಟಿರುವ ಅದೇ ಸಣ್ಣ ‘ಎ’ ಮರಳಿ ಮರಳಿ ಬರುತ್ತದೆ, ಏಕೆಂದರೆ ನಮ್ಮ ಎಲ್ಲ ಸಂಕೇತಗಳ ಮೊದಲ ಬೈಟು ಒಂದೇ. ನುಡಿ ಫೈಲಿನಲ್ಲಿ ಆ ತಾಳ ಇರುವುದಿಲ್ಲ. ಅವನ್ನು ಪರಿವರ್ತಕದಲ್ಲಿ ಒಮ್ಮೆ ಯೂನಿಕೋಡಿಗೆ ತಂದು ಬೇರೆ ಡೈರೆಕ್ಟರಿಯಲ್ಲಿ ಇಡಿ, ಮೂಲವನ್ನು ಅಳಿಸಬೇಡಿ. ‘ತೋರಿಸು’ವಿನೊಳಗೆ ಊಹೆ ಮಾಡಿ ಪರಿವರ್ತಿಸುವ ಕೋಡ್ ಸೇರಿಸಿದರೆ, ನಿಜವಾದ ಇಂಗ್ಲಿಷ್ ಫೈಲನ್ನು ಅದು ಯಾವತ್ತೋ ಒಂದು ದಿನ ಕನ್ನಡ ಮಾಡಿಬಿಡುತ್ತದೆ.